ಉಸಿರುಗೋಡೆಗೆ ಬೂದಿನೀರು

ಗೋಡೆಗೆ ಸುಳ್ಳು ಹೇಳಲು ಬರುವುದಿಲ್ಲ ಎಂದು ಭಟ್ಟಿ ಓಣಿಯ ಜನರನ್ನು ನಂಬಿಸಿದವಳು ದ್ರಾಕ್ಷಾಯಣಿ. ಆ ಗೋಡೆಗೆ ಸುಳ್ಳು ಕಲಿಸಿದವಳೂ ಅವಳೇ. ಇವೆರಡರ ನಡುವೆ ಒಂದು ವರ್ಷ ಎರಡು ತಿಂಗಳ ಅಂತರವಿತ್ತು, ಅಷ್ಟೆ.

ಗದಗಿನ ಕಡೆಯ ಆ ಪೇಟೆಯಲ್ಲಿ ಭಟ್ಟಿ ಓಣಿಯನ್ನು ಹುಡುಕಿಕೊಂಡು ಹೋಗುವವರಿಗೆ ವಿಳಾಸ ಬೇಕಿರಲಿಲ್ಲ, ಮೂಗಿದ್ದರೆ ಸಾಕಿತ್ತು. ಒಂಬತ್ತು ಚುರುಮುರಿ ಭಟ್ಟಿ, ಅರವತ್ತೆರಡು ಮನೆ. ಭತ್ತ ನೆನೆಸಿ, ಕುದಿಸಿ, ಒಣಗಿಸಿ, ಅಕ್ಕಿ ಮಾಡಿ, ಕಾದ ಉಸುಕಿನಲ್ಲಿ ಹುರಿದರೆ ಚುರುಮುರಿ ಅರಳುತ್ತದೆ. ಉಸುಕು ಕಾಯಬೇಕಾದರೆ ಬೆಂಕಿ ಬೇಕು. ಬೆಂಕಿಗೆ ಭತ್ತದ ಹೊಟ್ಟು ಹಾಕುತ್ತಿದ್ದರು; ಹೊಟ್ಟು ಹಸಿಯಾದ ದಿನ ಹಳೇ ಟಾಯರು. ಟಾಯರಿನ ಹೊಗೆ ಒಣಹಾಕಿದ ಬಟ್ಟೆಯ ಮೇಲೆ, ಹಾಲಿನ ಕೆನೆಯ ಮೇಲೆ, ಮಲಗಿದವರ ಮೂಗಿನೊಳಗೆ ಹೋಗಿ ಕೂರುತ್ತಿತ್ತು. ಇಡೀ ಜಿಲ್ಲೆ ಸಂಜೆಯಾದರೆ ಚುರುಮುರಿ ಕಲಸಿದ ಗಿರಮಿಟ್ ಮೆಲ್ಲುತ್ತಿತ್ತು, ಭಟ್ಟಿ ಓಣಿ ಕೆಮ್ಮುತ್ತಿತ್ತು.

ಇಂಥ ಓಣಿಗೆ ಒಂದು ದಿನ ಕೊಣ್ಣೂರ ಮೇಡಂ ಬಂದರು. ಊರಿನ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವವರು, ಮಾತು ಕಡಿಮೆ, ಚೀಲ ದೊಡ್ಡದು. ಆ ಚೀಲದಲ್ಲಿದ್ದ ಡಬ್ಬಿಯನ್ನು ತೆಗೆದು, ಮಸಾಲೆಗೆ ಹಾಕುವ ಕಲ್ಲುಹೂವು ಇದೆಯಲ್ಲ, ಇದು ಅದರ ತಮ್ಮ ಎಂದರು. ಕಲ್ಲುಹೂವೆಂದರೆ ಒಂದು ಪಾಚಿ, ಒಂದು ಶಿಲೀಂಧ್ರ ಕೂಡಿ ಒಂದೇ ಮನೆಯಲ್ಲಿ ಸಂಸಾರ ಹೂಡಿದ ಜೀವ. ಕಾಡಿನ ಬಂಡೆಯ ಮೇಲೆ ಅದು ಅಂಗೈಯಗಲ ಬೆಳೆಯಲು ಹತ್ತಾರು ವರ್ಷ ಬೇಕು. ಮೇಡಂ ಪ್ರಯೋಗಾಲಯದಲ್ಲಿ ಹದಿನೈದು ದಿನದಲ್ಲಿ ಗೋಡೆ ತುಂಬುವ ತಳಿಯನ್ನು ಎಬ್ಬಿಸಿದ್ದರು. ಶಾಲೆಯಲ್ಲಿ ಹುಳಿ ತಾಗಿದರೆ ಬಣ್ಣ ಬದಲಿಸುವ ಲಿಟ್ಮಸ್ ಕಾಗದ ನೋಡಿರುತ್ತೇವಲ್ಲ, ಅದರ ಬಣ್ಣ ಬರುವುದು ಕಲ್ಲುಹೂವಿನ ಜಾತಿಯಿಂದಲೇ. ಈ ತಮ್ಮನಲ್ಲಿಯೂ ಅಂಥದೇ ಒಂದು ಬಣ್ಣ. ಗಾಳಿ ಚೊಕ್ಕಟವಿದ್ದರೆ ಎಳೆ ಹಸಿರು. ಟಾಯರಿನ ಹೊಗೆಯಲ್ಲಿರುವ ಗಂಧಕ ಇಬ್ಬನಿಗೆ ಸೇರಿ ಹುಳಿಯಾಗಿ ಗೋಡೆಗೆ ಇಳಿದರೆ ಬದನೆಕಾಯಿ ಬಣ್ಣ, ಇನ್ನೂ ಹೆಚ್ಚಾದರೆ ಕಪ್ಪು. ಗಾಳಿ ಸುಧಾರಿಸಿದರೆ ಎಂಟು ಹತ್ತು ದಿನದಲ್ಲಿ ಮತ್ತೆ ಹಸಿರು. ಇದಕ್ಕೆ ಅವರು ಉಸಿರುಗೋಡೆ ಎಂದು ಹೆಸರಿಟ್ಟಿದ್ದರು.

ಡಬ್ಬಿಯನ್ನು ಎಲ್ಲರೂ ದೂರದಿಂದ ನೋಡಿದರು. ಹತ್ತಿರ ಹೋಗಿ ಮೂಸಿ ನೋಡಿದವಳು ದ್ರಾಕ್ಷಾಯಣಿ ಒಬ್ಬಳೇ. ಹನ್ನೆರಡು ವರ್ಷ ಭಟ್ಟಿಯಲ್ಲಿ ಉಸುಕಿನ ಜರಡಿ ಹಿಡಿದವಳು, ನಲವತ್ತಾರರ ಹೆಂಗಸು, ಪಿಯುಸಿ ಓದಿದವಳು, ಬಾಯಿ ಜೋರು. ಅವಳೇ ಮನೆಮನೆಗೆ ಹೋಗಿ ಹೇಳಿದಳು: "ಮನಶ್ಯಾ ಸುಳ್ಳ ಹೇಳ್ತಾನ, ಯಂತ್ರ ಕೆಡ್ತೈತಿ. ಗ್ವಾಡಿ ಏನ ಹೇಳ್ತೈತಿ ಪಾಪ? ಕಂಡದ್ದನ್ನ ತೋರಸ್ತೈತಿ, ಅಷ್ಟ!" ಅನ್ನದ ಗಂಜಿಯಲ್ಲಿ ಕಲ್ಲುಹೂವಿನ ಪುಡಿ ಕಲಸಿ, ಪ್ರತಿ ಮನೆಯ ಬೀದಿಗೋಡೆಯ ಮೇಲೆ ಒಂದು ಬಾಗಿಲಿನಷ್ಟು ಜಾಗಕ್ಕೆ ಓಣಿಯ ಹೆಂಗಸರೇ ಬಳಿದರು.

ಕಟ್ಟಳೆಯನ್ನೂ ಓಣಿಯವರೇ ಮಾಡಿಕೊಂಡರು. ದಿನಾ ಬೆಳಿಗ್ಗೆ ಆರೂವರೆಗೆ ದೀಪದ ಕಂಬಗಳ ಮೇಲಿನ ಕ್ಯಾಮೆರಾಗಳು ಅರವತ್ತೆರಡು ಗೋಡೆಯನ್ನೂ ನೋಡಬೇಕು. ಅರ್ಧಕ್ಕಿಂತ ಹೆಚ್ಚು ಗೋಡೆ ಕಪ್ಪಿಟ್ಟಿದ್ದರೆ ಆ ವಾರ ಮೂರು ದಿನ ಒಂಬತ್ತೂ ಭಟ್ಟಿ ಆರಿರಬೇಕು. ಸರಕಾರದ ಆದೇಶವಿಲ್ಲ, ದಂಡವಿಲ್ಲ. ಕೊಟ್ಟ ಮಾತು ಮಾತ್ರ. ಹಳೆಯ ಸಹಕಾರಿ ಸಂಘದ ಅಟ್ಟದ ಕೋಣೆಯಲ್ಲಿ ಒಂದು ತೆರೆ, ಒಂದು ಮೈಕು, ಒಂದು ಕುರ್ಚಿ ಇಟ್ಟರು. ಕುರ್ಚಿ ದ್ರಾಕ್ಷಾಯಣಿಗೆ ಬಂತು. ತೆರೆಯ ಮೇಲೆ ಅರವತ್ತೆರಡು ಚೌಕ, ಒಂದೊಂದು ಚೌಕ ಒಂದೊಂದು ಮನೆ. ಎಣಿಸಿ ಅವಳು ಮೈಕಿನಲ್ಲಿ ಹೇಳಿದ ಮೇಲೆಯೇ ಭಟ್ಟಿಗೆ ಬೆಂಕಿ.

ಮೊದಲ ತಿಂಗಳು ಐವತ್ತೊಂದು ಕಪ್ಪು, ಐವತ್ಮೂರು ಕಪ್ಪು. ವಾರಕ್ಕೆ ಮೂರು ದಿನ ಭಟ್ಟಿ ಆರುತ್ತಿತ್ತು. ಮೂರನೇ ಭಟ್ಟಿಯ ಮಾಲೀಕ ಶೇಖರಪ್ಪ ದ್ರಾಕ್ಷಾಯಣಿಯನ್ನು ಕಂಡರೆ ಮುಖ ತಿರುಗಿಸುತ್ತಿದ್ದ. ಆದರೂ ಮಾತು ಮುರಿಯಲಿಲ್ಲ. ಮುಂಗಾರಿಗೆ ಮೊದಲು ಒಂಬತ್ತು ಮಾಲೀಕರೂ ಸೇರಿ ಹೊಟ್ಟು ಒಣಗಿರಲೆಂದು ಒಂದು ತಗಡಿನ ಮಾಡು ಎಬ್ಬಿಸಿದರು. ಮೋಡ ಕಂಡ ಕೂಡಲೆ ಓಣಿಯ ಹೆಣ್ಣುಮಕ್ಕಳೆಲ್ಲ ಬುಟ್ಟಿ ಹಿಡಿದು ಓಡಿಬಂದು ಹೊಟ್ಟು ಒಳಗೆ ಹಾಕುತ್ತಿದ್ದರು. ಟಾಯರು ನಿಂತಿತು. ನಲವತ್ತಾಯಿತು, ಮೂವತ್ತಾಯಿತು, ದಸರೆಯ ಹೊತ್ತಿಗೆ ಹದಿನೆಂಟಾಯಿತು. ದ್ರಾಕ್ಷಾಯಣಿಯ ಎದುರುಮನೆಯ ಜೈತುನಬಿ, ಎಂಟು ವರ್ಷದಿಂದ ದಿಂಬಿಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದವಳು, ಒಂದು ದಿನ ಅಂಗಾತ ಮಲಗಿ ನಿದ್ದೆ ಮಾಡಿದಳು. ಮಾರನೆಯ ಬೆಳಿಗ್ಗೆ ಆ ಸುದ್ದಿಯನ್ನು ಮನೆಮನೆಗೆ ಹೋಗಿ ಹೇಳಿಬಂದಳು, ಮೊಮ್ಮಗ ಹುಟ್ಟಿದವರ ಹಾಗೆ.

ಇಲ್ಲಿಗೇ ಕತೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಗೋಡೆ ಬೀದಿಗಿರುತ್ತದೆ, ಬೀದಿಯಲ್ಲಿ ಮರ್ಯಾದೆಯಿರುತ್ತದೆ. ಹಸಿರು ಗೋಡೆಯವರು ಸ್ವಲ್ಪ ಎದೆ ಮುಂದೆ ಮಾಡಿ ನಡೆಯತೊಡಗಿದರು. ಕಪ್ಪು ಗೋಡೆಯವರು ಅಂಗಳದಲ್ಲಿ ಕೂರುವುದನ್ನು ಬಿಟ್ಟರು. ಹೊಗೆ ಯಾರದೋ, ಗೋಡೆ ಯಾರದೋ. ಆದರೂ ಕಪ್ಪಾದದ್ದು ತಮ್ಮ ತಪ್ಪೇ ಎನ್ನುವಂತೆ ಜನ ತಲೆ ತಗ್ಗಿಸಿದರು. ಬೀಗತನಕ್ಕೆ ಬಂದವರು ಮೊದಲು ಗೋಡೆ ನೋಡುವುದು ಯಾವಾಗ ಶುರುವಾಯಿತೋ ಯಾರಿಗೂ ಗೊತ್ತಿಲ್ಲ. ಕಪ್ಪು ಗೋಡೆಯ ಮನೆಯ ಹುಡುಗಿಗೆ ಎದೆರೋಗ ಇರಬಹುದು ಎಂಬ ಗುಸುಗುಸು ಸುತ್ತಲ ಊರಿಗೆಲ್ಲ ಹಬ್ಬಿತು.

ದ್ರಾಕ್ಷಾಯಣಿಯ ಮನೆ ಇಪ್ಪತ್ಮೂರನೆಯದು, ಮೂರನೇ ಭಟ್ಟಿಯ ಹೊಗೆಗೊಳವೆಯ ಬುಡದಲ್ಲಿ. ಗಾಳಿ ಯಾವ ಕಡೆಯಿಂದ ಬೀಸಿದರೂ ಹೊಗೆ ಮೊದಲು ಅವಳ ಗೋಡೆಯನ್ನು ಮುಟ್ಟಿ ಮುಂದೆ ಹೋಗುತ್ತಿತ್ತು. ಉಳಿದ ಹದಿನೆಂಟು ಕಪ್ಪಿನಲ್ಲಿ ಅವಳದೂ ಒಂದು.

ಮಗಳು ಶಿವಲೀಲಾಳನ್ನು ನೋಡಲು ಮುಂಡರಗಿಯಿಂದ ಗಂಡಿನವರು ಬರುತ್ತಾರೆಂದು ಗೊತ್ತಾದ ದಿನದಿಂದ ದ್ರಾಕ್ಷಾಯಣಿಗೆ ಆ ಗೋಡೆ ಕಣ್ಣಿಗೆ ಚುಚ್ಚತೊಡಗಿತು. ನರ್ಸಿಂಗ್ ಓದಿ, ಸರಕಾರಿ ದವಾಖಾನೆಯಲ್ಲಿ ಕೆಲಸಕ್ಕಿದ್ದ ಹುಡುಗಿ ನಕ್ಕಳು.

"ಅವ್ವಾ, ಅವರ ನನ್ನ ನೋಡಾಕ ಬರಾಕತ್ತಾರೋ, ಗ್ವಾಡಿ ನೋಡಾಕ ಬರಾಕತ್ತಾರೋ?"

"ನಿನಗೇನ ತಿಳೀತೈತಿ, ಸುಮ್ಮನಿರು."

"ನೀನs ಅಂತಿದ್ದೆಲ್ಲ, ಕಪ್ಪಾದ್ರ ಮನೀದೇನ ತಪ್ಪು ಅಂತ ಮೈಕಿನ್ಯಾಗ?"

ಮೈಕಿನಲ್ಲಿ ಹೇಳುವುದು ಬೇರೆ, ಮಗಳ ತಾಯಾಗುವುದು ಬೇರೆ ಎಂದು ಅವಳಿಗೆ ಹೇಳಲಾಗಲಿಲ್ಲ. ಆದರೆ ಒಂದು ವಿಷಯ ನೆನಪಿತ್ತು. ಕೊಣ್ಣೂರ ಮೇಡಂ ತಮ್ಮ ಪ್ರಯೋಗಾಲಯದಲ್ಲಿ ಒಮ್ಮೆ ಕಪ್ಪಾದ ಕಲ್ಲುಹೂವಿನ ಮೇಲೆ ಸೋಡಾ ನೀರಿನ ಎರಡು ಹನಿ ಬಿಟ್ಟು ತೋರಿಸಿದ್ದರು. ಕಣ್ಣೆದುರೇ ಹಸಿರಾಗಿತ್ತು. ಹುಳಿಯನ್ನು ಕ್ಷಾರ ಮುರಿಯುತ್ತದೆ, ಅಷ್ಟೆ. ಗಾಳಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಅವರು ವಿವರಿಸಿದ್ದರು. ಸೋಡಾ ಯಾಕೆ, ಓಣಿಯ ತುಂಬ ಹೊಟ್ಟಿನ ಬೂದಿ ಬಿದ್ದಿತ್ತು. ಪಾತ್ರೆ ತಿಕ್ಕಲು ಪ್ರತಿ ಮನೆಯ ಬಚ್ಚಲಲ್ಲಿ ಒಂದು ಡಬ್ಬಿ ಬೂದಿ ಇದ್ದೇ ಇರುತ್ತಿತ್ತು.

ಗಂಡಿನವರು ಬರುವ ದಿನ ನಸುಕಿನಲ್ಲಿ ಎದ್ದು, ಬೂದಿ ಕದಡಿ ತಿಳಿ ನೀರು ಬಸಿದುಕೊಂಡು, ಹಳೇ ಸೀರೆಯ ತುಂಡಿನಿಂದ ಗೋಡೆ ಒರೆಸಿದಳು. ಬಟ್ಟೆ ಹೋದಲ್ಲೆಲ್ಲ ಹಸಿರು ಮೂಡಿತು. ಅರ್ಧ ಒರೆಸಿರಬೇಕು, ಬೆನ್ನ ಹಿಂದೆ ದನಿ ಕೇಳಿಸಿತು.

"ಏನ ಮಾಡಾಕತ್ತೀಯ ದ್ರಾಕ್ಷಾ, ಇಷ್ಟ ನಸುಕಿನ್ಯಾಗ?"

ಜೈತುನಬಿ ನೀರಿನ ಕೊಡ ಹಿಡಿದು ನಿಂತಿದ್ದಳು. ದ್ರಾಕ್ಷಾಯಣಿಯ ಕೈ ಗೋಡೆಯ ಮೇಲೆಯೇ ನಿಂತುಬಿಟ್ಟಿತು. ಮಗಳ ಸಲುವಾಗಿ ಒರೆಸುತ್ತಿದ್ದೇನೆ, ಯಾರಿಗೂ ಹೇಳಬೇಡ ಎಂದಿದ್ದರೆ ಜೈತುನಬಿ ಸತ್ತರೂ ಬಾಯಿ ಬಿಡುತ್ತಿರಲಿಲ್ಲ. ಅವಳು ಅಂಥವಳು. ಆದರೆ ನಾಚಿಕೆ ಬಾಯಿಗೆ ಬಂದದ್ದನ್ನು ಹೇಳಿಸಿತು.

"ಮದ್ದು, ಜೈತುನಕ್ಕಾ. ಗ್ವಾಡಿಗೆ ಮದ್ದು ಹಚ್ಚಾಕತ್ತೀನಿ."

"ಹೌದೇನು! ಮೇಡಂ ಹೇಳ್ಯಾರೇನು?"

"ಹೂಂ" ಎಂದಳು ದ್ರಾಕ್ಷಾಯಣಿ.

ಆರೂವರೆಗೆ ಅಟ್ಟದ ಕೋಣೆಯಲ್ಲಿ ಕೂತು ಎಣಿಸಿದಾಗ ಕಪ್ಪು ಚೌಕ ಹದಿನೇಳಿತ್ತು. ಮೈಕಿನಲ್ಲಿ "ಹದಿನೇಳು" ಎಂದು ಹೇಳಿದಳು. ಒಂದು ಗೋಡೆ, ಒಂದು ದಿನ, ಅಷ್ಟರಿಂದ ಭಟ್ಟಿ ಉರಿಯುವುದು ಆರುವುದು ಬದಲಾಗುವುದಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಮಧ್ಯಾಹ್ನ ಗಂಡಿನವರು ಬಂದರು. ಗಂಡಿನ ತಾಯಿ ಗೋಡೆಯ ಮುಂದೆ ಒಂದು ಗಳಿಗೆ ನಿಂತು, ಮೆಚ್ಚಿ, ಒಳಗೆ ಬಂದರು. ಉಪ್ಪಿಟ್ಟು ತಿಂದು, ಚಹಾ ಕುಡಿದು, ಹೋಗುವಾಗ ಹುಡುಗಿ ಒಪ್ಪಿಗೆಯೆಂದರು. ಎರಡು ತಿಂಗಳು ಬಿಟ್ಟು ನಿಶ್ಚಯವೆಂದು ಮಾತಾಯಿತು.

ನಿಶ್ಚಯದವರೆಗೆ ಗೋಡೆ ಹಸಿರಾಗಿರಬೇಕಲ್ಲ. ನಾಲ್ಕು ದಿನಕ್ಕೊಮ್ಮೆ ಅವಳು ಒರೆಸಿದಳು.

ಎರಡು ವಾರದಲ್ಲಿ ಹದಿನೇಳು ಹೋಗಿ ಹನ್ನೊಂದಾಯಿತು. ಆಮೇಲೆ ಆರು. ಒಂದು ಬೆಳಿಗ್ಗೆ ತೆರೆಯ ತುಂಬ ಹಸಿರು, ಒಂದೂ ಕಪ್ಪಿಲ್ಲ. "ಸೊನ್ನೆ!" ಎಂದು ಅವಳು ಮೈಕಿನಲ್ಲಿ ಕೂಗಿದಾಗ ಓಣಿಯಲ್ಲಿ ಪಟಾಕಿ ಹೊಡೆದರು. ಶೇಖರಪ್ಪ ಎಲ್ಲರಿಗೂ ಪೇಡೆ ಹಂಚಿದ. ದ್ರಾಕ್ಷಾಯಣಿಗೂ ಖುಷಿಯಾಯಿತು, ಯಾಕಾಗಬಾರದು? ಗಾಳಿ ನಿಜವಾಗಿಯೂ ತಿಳಿಯಾಗಿದೆ, ಇನ್ನು ತಾನು ಒರೆಸುವುದೇ ಬೇಕಿಲ್ಲ ಅಂದುಕೊಂಡಳು. ಇಳಿದು ಮನೆಗೆ ಹೋಗುವಾಗ ಹತ್ತನೇ ಮನೆಯ ಗೌರವ್ವ ಗೋಡೆ ಒರೆಸುತ್ತಿದ್ದುದು ಕಂಡಿತು. ಕಾಲ ಬಳಿ ಬೂದಿನೀರಿನ ಬಕೆಟ್ಟು.

"ಏನಿದು ಗೌರವ್ವಾ?"

"ಮದ್ರೀ ಅಕ್ಕಾರ. ನೀವs ಹೇಳಿದ್ದಂತಲ್ರೀ? ಜೈತುನಬಿ ಎಲ್ಲಾರ ಮನಿಗೂ ಬಂದ ಹೇಳಿಹೋದ್ಲು. ವಾರಕ್ಕ ಎರಡ ಸಲ ಹಚ್ಚಬೇಕು, ಗ್ವಾಡಿಗೆ ಜಡ್ಡು ಬಂದಿರತೈತಿ ಅಂತ." ಗೌರವ್ವ ಹಿಂಡಿದ ಬಟ್ಟೆಯನ್ನು ಮತ್ತೆ ಅದ್ದಿದಳು. "ಛಲೋ ಮದ್ದು ನೋಡ್ರಿ. ಒಂದs ಸಲಕ್ಕ ಹಸರಾತು."

ದ್ರಾಕ್ಷಾಯಣಿಯ ಕೈಯಲ್ಲಿದ್ದ ಪೇಡೆ ಮೆತ್ತಗಾಯಿತು. ಓಣಿಯವರು ಯಾರೂ ಮೋಸ ಮಾಡಿರಲಿಲ್ಲ. ಜಡ್ಡಿನ ಮಗುವಿಗೆ ಎಣ್ಣೆ ತಿಕ್ಕುವಂತೆ, ಅಷ್ಟೇ ಕಾಳಜಿಯಿಂದ, ಗೋಡೆಯ ಸೇವೆ ಮಾಡುತ್ತಿದ್ದರು. ಈಗಲೇ ಬಾಯಿ ಬಿಡಬೇಕು, ಇದು ಮದ್ದಲ್ಲ ಎನ್ನಬೇಕು ಎಂದು ಅವಳಿಗೆ ಅನ್ನಿಸಿತು. ಹಾಗೆ ಹೇಳಿದರೆ, ಮತ್ತೆ ನೀವೇಕೆ ಒರೆಸಿದಿರಿ ಎಂಬ ಮಾತು ಬರುತ್ತದೆ. ನಿಶ್ಚಯಕ್ಕೆ ಇನ್ನೂ ಐದು ವಾರವಿತ್ತು. "ಆಗಲಿ ಗೌರವ್ವಾ" ಎಂದು ಹೇಳಿ ಅವಳು ಮನೆ ಸೇರಿದಳು.

ವಾರ ಕಳೆದು ಕೊಣ್ಣೂರ ಮೇಡಂ ಕಾಲೇಜಿಗೆ ಕರೆಸಿಕೊಂಡರು. ಪ್ರಯೋಗಾಲಯದ ಮಾಳಿಗೆಯ ಮೇಲೆ ಗಾಳಿ ಹೀರಿ ಗಂಧಕ ಅಳೆಯುವ ಒಂದು ಹಳೇ ಯಂತ್ರವಿತ್ತು. ಮೇಡಂ ಅದರ ಕಾಗದಗಳನ್ನು ಹರಡಿಕೊಂಡು ಕೂತಿದ್ದರು.

"ನೋಡ್ರಿ ದ್ರಾಕ್ಷಾಯಣಿಯವರ, ಇದು ದಸರಾದಾಗಿನ ಗೀಟು, ಕೆಳಗ ಐತಿ. ಇದು ಹೋದ ವಾರದ್ದು. ಮತ್ತ ಮ್ಯಾಲ ಏರೇದ. ಹೋದ ವರ್ಷದಷ್ಟ ಆಗೇದ."

ದ್ರಾಕ್ಷಾಯಣಿ ಕಾಗದ ನೋಡಿದಳು, ಮೇಡಂ ಮುಖ ನೋಡಲಿಲ್ಲ.

"ನಿಮ್ಮ ಗೋಡೆ ಪೂರಾ ಹಸಿರು ತೋರಸ್ತಾವ. ಒಂದ ಯಂತ್ರ ಒಂದ ಮಾತು ಹೇಳ್ತದ, ಅರವತ್ತೆರಡ ಗೋಡೆ ಒಂದ ಮಾತು ಹೇಳ್ತಾವ. ನಾ ಯಾರನ್ನ ನಂಬಲಿ?" ಮೇಡಂ ಕನ್ನಡಕ ತೆಗೆದು ನಕ್ಕರು. "ಗೋಡೆನ ನಂಬಿದೆ. ಯಂತ್ರ ಬಿಚ್ಚಿ ರಿಪೇರಿಗೆ ಕಳಸಾಕತ್ತೀನಿ. ಮುಂದಿನ ತಿಂಗಳು ರಾಜಧಾನಿಯಿಂದ ಅಧಿಕಾರಿಗಳು ಬರ್ತಾರ. ಇನ್ನೂ ನಲವತ್ತ ಊರಿಗೆ ಇದನ್ನ ಒಯ್ಯೂಣು ಅಂತ ಮಾತು ನಡದದ. ಎಲ್ಲಾ ನಿಮ್ಮಿಂದ ಆತು."

ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಕೋಣೆಯಲ್ಲಿ ಇಬ್ಬರೇ, ಬಾಗಿಲು ಹಾಕಿತ್ತು. ದ್ರಾಕ್ಷಾಯಣಿ ಎರಡು ಸಲ ಬಾಯಿ ತೆರೆದಳು. ಎರಡೂ ಸಲ ಹೊರಬಂದದ್ದು ಚಹಾ ಚೆನ್ನಾಗಿದೆ ಎಂಬ ಮಾತು. ಹೊರಗೆ ಹೋದಾಗ ಕೆಲಸದವರಿಬ್ಬರು ಯಂತ್ರವನ್ನು ಮಾಳಿಗೆಯಿಂದ ಇಳಿಸುತ್ತಿದ್ದರು. ಸರಿಯಾಗಿದ್ದ ಯಂತ್ರ, ಸತ್ಯ ಹೇಳಿದ ತಪ್ಪಿಗೆ ಚೀಲದಲ್ಲಿ ಕಟ್ಟಿಸಿಕೊಂಡು ಹೋಗುತ್ತಿತ್ತು. ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಗಂಧಕ ಏರಲು ಕಾರಣವೂ ಅವಳಿಗೆ ಅಂದೇ ತಿಳಿಯಿತು. ಅಕಾಲದ ಮಳೆ ಬಂದು ಹೊಟ್ಟು ನೆನೆದಾಗ ಶೇಖರಪ್ಪ ಅಳುಕುತ್ತಲೇ ಒಂದು ಟಾಯರು ಹಾಕಿದ್ದನಂತೆ. ಮಾರನೆಯ ದಿನ ಗೋಡೆಗಳೆಲ್ಲ ಹಸಿರು. ಎರಡು ಹಾಕಿದ, ಆಗಲೂ ಹಸಿರು. "ಹೊಗಿಗೊಳವಿ ಎತ್ತರ ಮಾಡೇವಲ್ಲ ಅಕ್ಕಾರ, ಹೊಗಿ ಎಲ್ಲಾ ಮ್ಯಾಲ ಹೋಗಾಕತ್ತೈತಿ ಅನಸ್ತೈತಿ. ಇಲ್ಲಂದ್ರ ಗ್ವಾಡಿ ಹೇಳ್ತಿರಲಿಲ್ಲೇನು?" ಎಂದು ಅವನೇ ಸಂತೋಷದಿಂದ ಹೇಳಿದ. ಅವನನ್ನು ನೋಡಿ ಉಳಿದ ಎಂಟು ಭಟ್ಟಿಯವರೂ ಟಾಯರು ಶುರುಮಾಡಿದ್ದರು. ಅವನದೂ ಮೋಸವಲ್ಲ. ಅವನೂ ಗೋಡೆಯನ್ನು ನಂಬಿದವನೇ. ಇಡೀ ಓಣಿಯಲ್ಲಿ ಗೋಡೆಯನ್ನು ನಂಬದವಳು ದ್ರಾಕ್ಷಾಯಣಿ ಒಬ್ಬಳೇ ಆಗಿದ್ದಳು.

ಜೈತುನಬಿ ಮತ್ತೆ ದಿಂಬಿಗೆ ಒರಗಿ ಕೂತು ನಿದ್ದೆ ಮಾಡತೊಡಗಿದಳು. ಅವಳ ಎದೆಯ ಸೀಟಿ ರಸ್ತೆ ದಾಟಿ ಕೇಳಿಸುತ್ತಿತ್ತು. ಶಿವಲೀಲಾ ದವಾಖಾನೆಯಿಂದ ಎದೆಗೆ ಎಳೆದುಕೊಳ್ಳುವ ಔಷಧಿ ತಂದುಕೊಟ್ಟಳು.

"ಗಾಳಿ ಛಲೋ ಆದಮ್ಯಾಲೆ ಹಿಂಗ್ಯಾಕವ್ವಾ?" ಎಂದು ಅವಳು ತಾಯಿಯನ್ನು ಕೇಳಿದಳು. "ದವಾಖಾನಿಗೆ ಓಣ್ಯಾಗಿಂದ ದಿನಾ ನಾಕೈದ ಮಂದಿ ಬರಾಕತ್ತಾರ."

"ಚಳಿಗಾಲ ಅಲ್ಲ, ಅದಕ್ಕ" ಎಂದಳು ದ್ರಾಕ್ಷಾಯಣಿ. ರೊಟ್ಟಿ ತಟ್ಟುತ್ತಿದ್ದವಳು ತಲೆಯೆತ್ತಲಿಲ್ಲ.

ಎದುರುಮನೆಗೆ ಹೋಗುವುದನ್ನೇ ಬಿಟ್ಟಳು. ಜೈತುನಬಿಯೇ ಬಂದು ಬಾಗಿಲಲ್ಲಿ ಕೂತು, ತನ್ನ ಉಬ್ಬಸ ತನ್ನ ವಯಸ್ಸಿನದೆಂದೂ, ಗೋಡೆ ಹಸಿರಿರುವಾಗ ಗಾಳಿಯನ್ನು ದೂರಬಾರದೆಂದೂ, ತಾನು ಕೆಮ್ಮುವುದನ್ನು ಬೇರೆಯವರು ನೋಡಿದರೆ ಓಣಿಯ ಹೆಸರು ಕೆಡುತ್ತದೆಂದೂ ಹೇಳಿಹೋದಳು. ಅಂದು ದ್ರಾಕ್ಷಾಯಣಿ ಬಚ್ಚಲಿಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಅತ್ತಳೇ ಹೊರತು ಹೇಳಲಿಲ್ಲ. ನಿಶ್ಚಯ ಒಂದು ಮುಗಿಯಲಿ, ಆಮೇಲೆ ಮೇಡಂ ಕಾಲಿಗೆ ಬಿದ್ದು ಹೇಳುತ್ತೇನೆ ಎಂದು ದೇವರ ಮುಂದೆ ಹರಕೆ ಹೊತ್ತಳು. ತಪ್ಪು ಮಾಡಿದವರು ದೇವರಿಗೂ ದಿನಾಂಕ ಕೊಡುತ್ತಾರೆ.

ಅಧಿಕಾರಿಗಳ ತಂಡ ಬಂದದ್ದು ನಿಶ್ಚಯಕ್ಕೆ ಹನ್ನೆರಡು ದಿನ ಮೊದಲು. ಬೆಳಗಿನ ಎಣಿಕೆಯನ್ನು ಕಣ್ಣಾರೆ ನೋಡಬೇಕೆಂದು ಆರು ಗಂಟೆಗೇ ಅಟ್ಟದ ಕೋಣೆಗೆ ಬಂದರು. ಮೂವರು, ಜೊತೆಗೆ ಕೊಣ್ಣೂರ ಮೇಡಂ. ದ್ರಾಕ್ಷಾಯಣಿ ಇಳಕಲ್ ಸೀರೆ ಉಟ್ಟು ಕೂತಿದ್ದಳು. ಒಂದು ವಾರದಿಂದ ಅವಳು ತನ್ನ ಗೋಡೆ ಒರೆಸಿರಲಿಲ್ಲ. ಇಂದು ಒಂದು ಗೋಡೆಯಾದರೂ ಸತ್ಯ ಹೇಳಲಿ, ಯಾರಾದರೂ ಯಾಕೆ ಎಂದು ಕೇಳಲಿ, ಕೇಳಿದರೆ ಬಾಯಿ ತಾನೇ ಬಿಡುತ್ತದೆ ಎಂಬ ಹೇಡಿ ಆಸೆ ಅವಳದು. ತೆರೆಯ ಮೇಲೆ ಅರವತ್ತೊಂದು ಚೌಕ ಹಸಿರು, ಇಪ್ಪತ್ಮೂರನೆಯದು ಕಪ್ಪು.

"ಇದೊಂದು ಯಾಕೆ ಹೀಗಿದೆ?" ಎಂದು ಹಿರಿಯ ಅಧಿಕಾರಿ ಕೇಳಿದರು.

ಮೇಡಂ ಆ ಚೌಕವನ್ನು ದೊಡ್ಡದು ಮಾಡಿದರು. ಬೀದಿ ಕಂಡಿತು, ಗೋಡೆ ಕಂಡಿತು. ಗೋಡೆಯ ಮುಂದೆ ಜೈತುನಬಿ ನಿಂತಿದ್ದಳು. ಕೈಯಲ್ಲಿ ಬಕೆಟ್ಟು.

ದೊಡ್ಡವರು ಬರುವ ದಿನ ಗೆಳತಿಯ ಗೋಡೆ ಕಪ್ಪಿರುವುದನ್ನು ಎದುರುಮನೆಯಿಂದ ಅವಳು ನೋಡಿದ್ದಳು. ಪಾಪ, ಗಡಿಬಿಡಿಯಲ್ಲಿ ಮದ್ದು ಹಚ್ಚುವುದನ್ನು ಮರೆತು ಹೋಗಿದ್ದಾಳೆ ಅಂದುಕೊಂಡಿರಬೇಕು. ಬಟ್ಟೆ ಅದ್ದಿ ಒರೆಸಿದಳು, ನಿಂತಳು, ಗೋಡೆಗೆ ಕೈಯೂರಿ ಉಸಿರೆಳೆದುಕೊಂಡಳು, ಮತ್ತೆ ಒರೆಸಿದಳು. ತೆರೆಯ ಮೇಲೆ ಕಪ್ಪು ಪಟ್ಟೆಪಟ್ಟೆಯಾಗಿ ಹಸಿರಾಗುತ್ತಿತ್ತು. ಮೇಲಿನ ಮೂಲೆಗೆ ಕೈ ಚಾಚಿದವಳು ಹಾಗೇ ಗೋಡೆಗುಂಟ ಜಾರಿ ಕೂತಳು. ಬಕೆಟ್ಟು ಉರುಳಿತು. ಅವಳು ಏಳಲಿಲ್ಲ.

ದ್ರಾಕ್ಷಾಯಣಿ ಮೈಕಿನ ಗುಂಡಿ ಒತ್ತಿದಳು.

"ಜೈತುನಕ್ಕ ಬಿದ್ದಾಳ! ನಮ್ಮ ಮನಿ ಮುಂದ! ಯಾರರ ಓಡ್ರಿ! ಶಿವಲೀಲಾ, ಹೊರಗ ಬಾ!"

ಬಾಗಿಲುಗಳು ತೆರೆದವು, ಜನ ಓಡಿದರು, ಶಿವಲೀಲಾ ಬಗ್ಗಿ ಎದೆಗೆ ಕಿವಿಗೊಟ್ಟದ್ದು ಕಂಡಿತು. ದ್ರಾಕ್ಷಾಯಣಿಯ ಬೆರಳು ಗುಂಡಿಯ ಮೇಲೆಯೇ ಇತ್ತು. ತೆಗೆಯಲು ಹೋದಳು. ತೆಗೆದರೆ ಇನ್ನೆಂದೂ ಒತ್ತುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

"ಭಟ್ಟಿ ಆರಸ್ರಿ" ಎಂದಳು. "ಒಂಬತ್ತೂ ಆರಸ್ರಿ. ಗಾಳಿ ಛಲೋ ಆಗಿಲ್ಲ. ಅದು ಮದ್ದಲ್ಲ. ಬೂದಿನೀರ ಹಚ್ಚಿದ್ರ ಬಣ್ಣ ಹೋಗ್ತೈತಿ, ಹೊಗಿ ಹೋಗೂದಿಲ್ಲ. ಮೇಡಂ ಹೇಳಿಲ್ಲ, ಯಾರೂ ಹೇಳಿಲ್ಲ. ಮಗಳನ್ನ ನೋಡಾಕ ಬರ್ತಾರಂತ ನಾ ನಾಚಿಕಿಗೆ ಗ್ವಾಡಿ ಒರಸಿದೆ, ಜೈತುನಕ್ಕ ನೋಡಿದ್ಲು, ಸುಳ್ಳ ಹೇಳಿದೆ. ನೀವೆಲ್ಲಾ ನನ್ನ ನಂಬಿ ಹಚ್ಚಿದ್ರಿ. ನನಗ ಗೊತ್ತಿತ್ತು. ಮೂರ ವಾರದಿಂದ ಗೊತ್ತಿತ್ತು. ಸುಮ್ಮನ ಕೂತೆ."

ಕಂಬದ ಮೇಲಿನ ಧ್ವನಿವರ್ಧಕಗಳಲ್ಲಿ ಅವಳ ಬಿಕ್ಕು ಓಣಿಯ ತುದಿಯವರೆಗೂ ಹೋಯಿತು. ಮೇಡಂ ಕೇಳಿದ್ದು ಒಂದೇ ಮಾತು: "ನನ್ನ ಯಂತ್ರ ಸರಿ ಇತ್ತು, ಅಲ್ಲೇನ್ರಿ?"

ಅಂದು ಎಣಿಕೆಯಿಲ್ಲದೆ ಒಂಬತ್ತೂ ಭಟ್ಟಿ ಆರಿದವು. ಬಟ್ಟೆ ಬಕೆಟ್ಟು ಒಳಗೆ ಹೋದವು. ಬೂದಿನೀರಿನ ಕ್ಷಾರ ತೀರಿ, ಒಳಗೆ ಸೇರಿದ್ದ ಹುಳಿ ಮೇಲೆ ಬಂದು, ಎಂಟು ದಿನದಲ್ಲಿ ಓಣಿಯ ಗೋಡೆಗಳು ಒಂದಾದ ಮೇಲೊಂದು ಕಪ್ಪಿಟ್ಟು ಐವತ್ತೆಂಟಕ್ಕೆ ಹೋಗಿ ನಿಂತವು. ಅಷ್ಟು ಕಪ್ಪನ್ನು ಮೊದಲ ತಿಂಗಳೂ ಯಾರೂ ನೋಡಿರಲಿಲ್ಲ. ನಲವತ್ತು ಊರಿನ ಯೋಜನೆಯನ್ನು ಮುಂದೂಡಲಾಗಿದೆ ಎಂದು ಕಾಗದ ಬಂತು. ಮುಂಡರಗಿಗೆ ದ್ರಾಕ್ಷಾಯಣಿಯೇ ಫೋನು ಮಾಡಿ ಇದ್ದದ್ದು ಇದ್ದಂತೆ ಹೇಳಿದಳು. ಅವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ, ನಿಶ್ಚಯದ ದಿನ ಬರಲೂ ಇಲ್ಲ. ಶಿವಲೀಲಾ ಅಂದು ರಜೆ ಹಾಕದೆ ಕೆಲಸಕ್ಕೆ ಹೋದಳು. ತಾಯಿಯನ್ನು ಬಯ್ಯಲಿಲ್ಲ. ಬೈದಿದ್ದರೆ ದ್ರಾಕ್ಷಾಯಣಿಗೆ ಹಗುರಾಗುತ್ತಿತ್ತು.

ಜೈತುನಬಿ ಒಂಬತ್ತು ದಿನ ದವಾಖಾನೆಯಲ್ಲಿದ್ದಳು. ಮೂಗಿನಲ್ಲಿ ನಳಿಕೆ. ಮೊದಲ ಐದು ದಿನ ದ್ರಾಕ್ಷಾಯಣಿ ವಾರ್ಡಿನ ಬಾಗಿಲವರೆಗೆ ಹೋಗಿ ಹಿಂದೆ ಬಂದಳು. ಆರನೇ ದಿನ ಒಳಗೆ ಹೋಗಿ ಮಂಚದ ಬದಿಗೆ ನಿಂತಳು. ಕೂರು ಎಂದು ಜೈತುನಬಿ ಹೇಳಲಿಲ್ಲ.

"ತಪ್ಪಾತು ಜೈತುನಕ್ಕಾ."

ಜೈತುನಬಿಗೆ ಉಸಿರು ಕೂಡಿಸಿಕೊಳ್ಳಲು ಹೊತ್ತು ಹಿಡಿಯಿತು. "ಊರಿಗೆಲ್ಲಾ ಸುಳ್ಳ ಹೇಳಿದಿ, ಇರಲಿ. ಆವತ್ತ ನಸುಕಿನ್ಯಾಗ ನನಗರ ಹೇಳಬಾರದಾಗಿತ್ತೇನು?" ಎಂದಳು. "ನಾ ಏನ ಗಂಡಿನ ಕಡಿಯಾಕಿ ಏನ, ದ್ರಾಕ್ಷಾ?"

ದ್ರಾಕ್ಷಾಯಣಿ ಅವಳ ಕಾಲ ಬಳಿ ಒಂದು ಗಂಟೆ ನಿಂತಿದ್ದು ಮನೆಗೆ ಬಂದಳು.

ಆ ಭಾನುವಾರ ಓಣಿಯವರು ಹೊಟ್ಟಿನ ಮಾಡಿನ ಕೆಳಗೆ ಸಭೆ ಕೂಡಿದರು. ದ್ರಾಕ್ಷಾಯಣಿ ಕೋಣೆಯ ಕೀಲಿಕೈ ತಂದು ನಡುವೆ ಇಟ್ಟಳು. ಯಾರೂ ಅದನ್ನು ಎತ್ತಿಕೊಳ್ಳಲಿಲ್ಲ. ಕೊನೆಗೆ ಗೌರವ್ವ ಎದ್ದಳು.

"ಕೀಲಿ ಒಗದ ಮನ್ಯಾಗ ಕೂತ್ಕೊಂತೀನಂದ್ರ ಹೆಂಗ್ರೀ ಅಕ್ಕಾರ? ತಪ್ಪ ನಿಮ್ಮದು ಖರೆ. ಆದ್ರ ಕಪ್ಪ ಗ್ವಾಡಿ ಅಂದ್ರ ಮಾರಿ ತಿರಿವಿದವರ ನಾವು. ನಿಮ್ಮ ಮನಿ ಮುಂದ ಹಾಯುವಾಗ ನಾನೂ ತಿರಿವೇನಿ." ಅವಳು ಸುತ್ತಲೂ ನೋಡಿದಳು. "ಇನ್ನ ಮ್ಯಾಲೆ ತೆರೀ ನೋಡಿ ಎಣಸೂದು ಸಾಕು. ಪಾಳಿ ಹಚ್ಚೂಣು. ದಿನಾ ಒಬ್ಬಾಕಿ ಮನಿಮನಿ ಮುಂದ ನಿಂತು ಬಣ್ಣ ಒದರಬೇಕು. ಮನಿಯವರು ಹೊರಗ ಬಂದು ಹೌದು ಅನಬೇಕು. ಎಲ್ಲಾರೂ ಕೇಳಬೇಕು. ಕೇಳಿ ಕೇಳಿ ನಾಚಿಕಿ ಸತ್ತುಹೋಗಬೇಕು."

ಶೇಖರಪ್ಪ ಕೈಯೆತ್ತಿದ. ತನ್ನ ಭಟ್ಟಿಯಲ್ಲಿ ಉಳಿದ ಟಾಯರುಗಳನ್ನು ನಾಳೆಯೇ ಊರ ಹೊರಗೆ ಸಾಗಿಸುತ್ತೇನೆ, ತನ್ನ ಭಟ್ಟಿಗೂ ಒಂದು ಗೋಡೆ ಬಳಿಯಿರಿ, ಅದರ ಬಣ್ಣವನ್ನೂ ಒದರಿರಿ ಎಂದ. ಅವನ ಕಣ್ಣೂ ನೆಲ ನೋಡುತ್ತಿತ್ತು. ಕೊಣ್ಣೂರ ಮೇಡಂ ಯಂತ್ರವನ್ನು ವಾಪಸು ತರಿಸಿ ಅದೇ ಮಾಡಿನ ಮೇಲೆ ಕೂರಿಸಿದರು. ದ್ರಾಕ್ಷಾಯಣಿಯ ಜೊತೆ ಅವರು ಮೊದಲಿನಂತೆ ನಗುವುದಿಲ್ಲ, ಆದರೆ ಕೆಲಸ ಹೇಳುತ್ತಾರೆ.

ಪಾಳಿ ಶುರುವಾಗಿ ತಿಂಗಳಾಗಿತ್ತು. ಐವತ್ತೆಂಟು ಇಳಿದು ನಲವತ್ನಾಲ್ಕಾಗಿತ್ತು, ಹನ್ನೆರಡು ದಿನ ಭಟ್ಟಿ ಆರಿದ್ದವು. ಒಂದು ಬೆಳಿಗ್ಗೆ ಬೀದಿಯಲ್ಲಿ ಕೋಲಿನ ಸದ್ದು, ಅದರ ಹಿಂದೆ ಸೀಟಿಯಂಥ ಉಸಿರು. ಅಂದಿನ ಪಾಳಿ ಜೈತುನಬಿಯದು. ನಿನಗೆ ಬೇಡ ಎಂದು ಎಲ್ಲರೂ ಹೇಳಿದ್ದರು, ಅವಳು ಕೇಳಿರಲಿಲ್ಲ. ದವಾಖಾನೆಯಿಂದ ಬಂದಾಗಿನಿಂದ ಅವಳು ದ್ರಾಕ್ಷಾಯಣಿಯೊಂದಿಗೆ ಮಾತಾಡಿರಲಿಲ್ಲ. ರಸ್ತೆಯ ಆ ಕಡೆ ಬಾಗಿಲು ತೆರೆದರೆ ಈ ಕಡೆ ದ್ರಾಕ್ಷಾಯಣಿ ಒಳಗೆ ಸರಿಯುತ್ತಿದ್ದಳು.

ಹೆಜ್ಜೆ ಮನೆಯ ಮುಂದೆ ನಿಂತಿತು.

"ಇಪ್ಪತ್ಮೂರು" ಎಂಬ ಕೂಗು ಬಂತು. "ದ್ರಾಕ್ಷಾಯಣಿ ಮನಿ. ಕರ್ರಗ!"

ಶಿವಲೀಲಾ ಏಳಲು ಹೋದಳು. ದ್ರಾಕ್ಷಾಯಣಿ ಅವಳ ಭುಜ ಹಿಡಿದು ಕೂರಿಸಿ, ಕೈ ಒರೆಸಿಕೊಂಡು, ತಾನೇ ಹೊಸ್ತಿಲು ದಾಟಿದಳು. ಅಕ್ಕಪಕ್ಕದ ಬಾಗಿಲುಗಳಲ್ಲಿ ಜನ ನಿಂತಿದ್ದರು. ಗೋಡೆ ಬದನೆಕಾಯಿ ಬಣ್ಣವನ್ನೂ ದಾಟಿ ಹಂಚಿನ ತಳದಂತೆ ಕಪ್ಪಾಗಿತ್ತು.​

"ಹೌದು" ಎಂದಳು.

"ಕೇಳಸಲಿಲ್ಲ" ಎಂದಳು ಜೈತುನಬಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಕರುಣೆಯೂ ಇರಲಿಲ್ಲ.

"ಹೌದು! ನಮ್ಮ ಗ್ವಾಡಿ ಕರ್ರಗೈತಿ!"

ಈ ಸಲ ಓಣಿಯ ಕೊನೆಯವರೆಗೆ ಕೇಳಿಸಿತು. ಜೈತುನಬಿ ಎಣಿಕೆಯ ವಹಿಯಲ್ಲಿ ಒಂದು ಗೀಟು ಹಾಕಿದಳು. ಮುಂದೆ ಹೆಜ್ಜೆ ಇಡಲು ಹೋಗಿ, ಉಸಿರು ಸಾಲದೆ ತಡೆದು, ಆಸರೆಗೆಂದು ಕೈ ಚಾಚಿದಳು. ಹತ್ತಿರ ಗೋಡೆಯಿತ್ತು. ಅದನ್ನು ಹಿಡಿಯದೆ ದ್ರಾಕ್ಷಾಯಣಿಯ ಹೆಗಲು ಹಿಡಿದಳು. ಉಸಿರು ಕೂಡಿಬರುವವರೆಗೆ ಇಬ್ಬರೂ ಹಾಗೆಯೇ ನಿಂತಿದ್ದು, ಆಮೇಲೆ ಇಪ್ಪತ್ನಾಲ್ಕನೇ ಮನೆಯ ಕಡೆಗೆ ಜೊತೆಯಲ್ಲಿ ನಡೆದರು.